ಗುರುತು ಹೇಳಿದಾಕೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ರಾಯಚೂರು ಕೋರ್ಟಿನಲ್ಲಿ ಎಲ್ಲರಿಗೂ ಗೊತ್ತು. ಯಾಸ್ಮೀನ್ ಮೇಡಂ ಬೈತಾರೆ, ಆದರೆ ಕೆಲಸ ಮಾಡಿಕೊಡ್ತಾರೆ ಎಂದು ಕಕ್ಷಿದಾರರು ಹೇಳಿಕೊಳ್ಳುತ್ತಾರಂತೆ. ಅಮರಮ್ಮನ ವಿಷಯದಲ್ಲಿ ಬೈದದ್ದೊಂದೇ ಬಂತು.

ದೇವದುರ್ಗದ ಮೊದಲ ಬಸ್ಸಿಗೆ ಬಂದಿದ್ದರು, ಅವಳು ಮತ್ತು ಮಗಳು ವಿಶಾಖಾ. ಗಂಡ ಹಂಪಯ್ಯ ತೀರಿಕೊಂಡು ಆರು ತಿಂಗಳು. ಶಾಲೆಯಲ್ಲಿ ಜವಾನನಾಗಿದ್ದು ನಿವೃತ್ತನಾದವನು, ಎರಡು ಕೋಣೆಯ ಮನೆ ಬಿಟ್ಟುಹೋಗಿದ್ದ. ಅವನ ತಮ್ಮ ಆಗಲೇ ಅದರ ಮೇಲೆ ಕಣ್ಣಿಟ್ಟಿದ್ದನಂತೆ. ಮನೆ ಮಗಳ ಹೆಸರಿಗಾಗಲು ವಂಶವೃಕ್ಷ ಬೇಕು, ವಂಶವೃಕ್ಷಕ್ಕೆ ಪ್ರಮಾಣಪತ್ರ ಬೇಕು. ಇಷ್ಟೇ ತಾನೆ, ಕಾಗದ ತೆಗೆಯಿರಿ ಎಂದೆ.

ಕಾಗದಗಳಲ್ಲಿ ಅಮರಮ್ಮನೇ ಇರಲಿಲ್ಲ. ಹಂಪಯ್ಯನ ಹೆಂಡತಿ ಬೂದೆಮ್ಮ, ಮೂರು ವರ್ಷದ ಹಿಂದೆ ಮೃತ. ವಿಶಾಖಾಳ ಜನನ ಪತ್ರ, ಅಂಕಪಟ್ಟಿ, ಜಾತಿ ಪತ್ರ, ಎಲ್ಲದರಲ್ಲೂ ತಾಯಿ ಬೂದೆಮ್ಮ. ಯಾರಿವಳು ಎಂದು ಕೇಳಿದರೆ, ಅಮರಮ್ಮನ ಅಕ್ಕ.

ಮದುವೆಯಾಗಿ ಎಂಟು ವರ್ಷವಾದರೂ ಬೂದೆಮ್ಮನಿಗೆ ಮಕ್ಕಳಾಗಲಿಲ್ಲ. ತಾನೇ ಮಾನ್ವಿ ಕಡೆಯ ಕುರ್ಡಿಗೆ, ತವರಿಗೆ ಹೋಗಿ, ತಂಗಿಯನ್ನು ಗಂಡನಿಗೆ ಕೇಳಿ ಕರೆತಂದಳು. ಎರಡನೇ ಹೆಂಡತಿ ಇದ್ದಾಳೆಂದು ಗೊತ್ತಾದರೆ ಸರ್ಕಾರಿ ಕೆಲಸ ಹೋಗುತ್ತದಲ್ಲ, ಅದಕ್ಕೆ ಹೆರಿಗೆಗೆ ಮಾನ್ವಿ ಆಸ್ಪತ್ರೆಗೆ ಹೋದಾಗ ಅಮರಮ್ಮ ಅಕ್ಕನ ಹೆಸರು ಹೇಳಿ ಮಲಗಿದಳು. ತೊಟ್ಟಿಲಿಗೆ ಹಾಕುವ ದಿನ ಕೂಸನ್ನು ಎಲ್ಲರ ಮುಂದೆ ಅಕ್ಕನ ಉಡಿಗೆ ಹಾಕಿದಳು. ಕೂಸು ಬೂದೆಮ್ಮನಿಗೆ ಯವ್ವಾ ಎಂದಿತು, ಹೆತ್ತವಳಿಗೆ ಚಿಗವ್ವ ಎಂದಿತು. ಮನೆಯಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲವಂತೆ. ಕೇಳುತ್ತ ಕುಳಿತ ನನಗೇ ಬಂತು.

ಬೂದೆಮ್ಮ ಸತ್ತ ಮೇಲೆ ಎರಡೂವರೆ ವರ್ಷ ಇತ್ತಲ್ಲ! ನಿವೃತ್ತಿಯೂ ಆಗಿತ್ತು, ಹೆದರಿಕೆ ಯಾರದು? ಒಂದು ದಿನ ಹೋಗಿ ಮದುವೆ ನೋಂದಣಿ ಮಾಡಿಸಲಿಕ್ಕೆ ಆ ಮನುಷ್ಯನಿಗೆ ಏನು ಧಾಡಿಯಾಗಿತ್ತು ಎಂದು ಕೂಗಾಡಿದೆ.

"ಕೇಳಿದ್ನಿರೀ," ಎಂದಳು ಅಮರಮ್ಮ. "ಈ ವಯಸ್ಸಿನಾಗ ಮದಿವಿ ಅಂದ್ರ ಓಣ್ಯಾಗ ನಗತಾರ, ಎಲ್ಲಾರಿಗೂ ಗೊತ್ತದಲ್ಲ ಅಂದ್ರು."

ಓಣಿಗೆ ಗೊತ್ತಿದ್ದರೆ ನಾಡಕಚೇರಿಗೂ ಗೊತ್ತಿದ್ದಂತೆ ಎಂದುಕೊಂಡಿದ್ದ ಪುಣ್ಯಾತ್ಮ.

ಅವಳಿಗೆ ಮನೆ ಬೇಕಿರಲಿಲ್ಲ. "ಮನಿ ಆಕಿಗೇ ಇರ್ಲಿರೀ. ಅವರ ಹೆಂಡ್ತಿ ಅಂತ ಒಂದ್ ಕಡಿ ನನ್ ಹೆಸ್ರು ಬರೀರಿ, ಸಾಕು."

ಆ ಒಂದು ಕಡೆಯನ್ನು ನಾನು ಎಲ್ಲಿ ಹುಡುಕಲಿ? ಮೊದಲ ಹೆಂಡತಿ ಬದುಕಿರುವಾಗ ಆದ ಮದುವೆ ಕಾನೂನಿಗೆ ಮದುವೆಯೇ ಅಲ್ಲ. ನಿಜ ಬರೆದರೆ ಜನನ ಪತ್ರ ಸುಳ್ಳಾಗುತ್ತದೆ, ಮೈದುನ ಕೋರ್ಟಿಗೆ ಹೋಗುತ್ತಾನೆ. ಕೊನೆಗೆ ಮಗಳು ಗೆದ್ದಾಳು, ಎಷ್ಟು ವರ್ಷಕ್ಕೋ. ಅಷ್ಟರಲ್ಲಿ ಅವಳಿಗೆ ಬಂದಿರುವ ಶಿಕ್ಷಕಿ ಕೆಲಸದ ದಾಖಲೆ ಪರಿಶೀಲನೆ ಮುಂದಿನ ತಿಂಗಳೇ ಇದೆ. ಇಷ್ಟೆಲ್ಲ ಆದ ಮೇಲೂ ಅಮರಮ್ಮ ಹೆಂಡತಿಯಾಗುವುದಿಲ್ಲ. ಪುಸ್ತಕ ತಿರುವಿದೆ, ಪಕ್ಕದ ಹಿರಿಯ ವಕೀಲರನ್ನು ಕೇಳಿದೆ. ಅವರು ಚಹಾ ತರಿಸಿದರು, ಅಷ್ಟೇ.

ಬರೆಯಬಾರದೆಂದು ನನಗೆ ಗೊತ್ತಿತ್ತು. ಕಾಗದಗಳಲ್ಲಿದ್ದಂತೆಯೇ ಪ್ರಮಾಣಪತ್ರ ಬರೆದೆ. 'ನನ್ನ ತಾಯಿ ಬೂದೆಮ್ಮ ಮೃತರಾಗಿರುತ್ತಾರೆ' ಎಂಬ ಸಾಲಿಗೆ ಬಂದು ವಿಶಾಖಾ ಪೆನ್ನು ಕೆಳಗಿಟ್ಟಳು. ಮೂರು ಸಲ ಓದಿದಳು.

"ಇಲ್ಲೇ ಕುಂತಾಳಲ್ರೀ ಮೇಡಂ," ಎಂದಳು.

"ಅಕ್ಕ ಸತ್ತದ್ದು ಖರೇನ ಅದಲ್ಲ," ಎಂದು ಅಮರಮ್ಮ ಪೆನ್ನೆತ್ತಿ ಮಗಳ ಕೈಗಿಟ್ಟಳು. "ಹಾಕವ್ವ ಸಹಿ."

ಹುಡುಗಿಯನ್ನು ಗುರುತಿಸಲು ನೋಟರಿಯ ಮುಂದೆ ಒಬ್ಬರು ಬೇಕಿತ್ತು. ರಾಯಚೂರಿನಲ್ಲಿ ಅವರಿಗೆ ಯಾರೂ ಇರಲಿಲ್ಲ. ಅಮರಮ್ಮ ಚೀಲದಿಂದ ತನ್ನ ಆಧಾರ್ ತೆಗೆದಳು. ಅದರಲ್ಲಿ ಕುರ್ಡಿಯ ವಿಳಾಸ, ಅಪ್ಪನ ಹೆಸರು. ಪ್ರಮಾಣಪತ್ರದ ಕೆಳಗೆ, ಗುರುತಿಸುವವರ ಹೆಸರಿನ ಮುಂದೆ, ಸಂಬಂಧ ಎಂದು ಒಂದು ಗೆರೆ ಇತ್ತು. ಏನು ಬರೆಯಲಿ ಎಂದು ಕೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವಳು ಆಧಾರನ್ನು ನನ್ನ ಕಡೆ ಸರಿಸಿದಳು. "ಚಿಗವ್ವ ಅಂದ್ರೂ ಮೈದುನ ಹಿಡದು ಎಳೀತಾನ್ರೀ. ಪರಿಚಯದಾಕಿ ಅಂತ ಬರೀರಿ."

ಬರೆದೆ. ಅವಳಿಗೆ ಸಹಿ ಬರುತ್ತಿರಲಿಲ್ಲ. ವಿಶಾಖಾಳೇ ಅವ್ವನ ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿ, ಆ ಪದದ ಪಕ್ಕದಲ್ಲಿ ಒತ್ತಿಸಿದಳು.