ವಕೀಲರ ಓಣಿಯಲ್ಲಿ ಸ್ಯಾಮಣ್ಣನ ಹೆಣ

"ಲೇ ಶೇವಂತಿ, ಬಾಯಿ ಮುಚ್ಚು! ಅಳು ಅಂದ್ರ ಎಮ್ಮಿ ಹಂಗ ಒದರ್ಲಿಕತ್ತೀಯಲ್ಲ. ಆಫ್ರಿಕಾದ ಮಂದಿ ಹಿಂಗ ಅಳೂದಿಲ್ಲ."

ಏಕನಾಥ ವಕೀಲರು ಪಡಸಾಲೆಯ ಕಟ್ಟೆಯ ಮೇಲೆ ನಿಂತು ಬೈಯುತ್ತಿದ್ದರು. ನಾನು ಕೆಳಗೆ ಅಂಗಳದಲ್ಲಿ, ಅವರ ಎಮ್ಮೆ ಕಟ್ಟುವ ಗೂಟದ ಪಕ್ಕ ನಿಂತಿದ್ದೆ. ಎಮ್ಮೆ ಕೂಡ ತಿರುಗಿ ಅವರನ್ನೇ ನೋಡಿತು.

"ನೀವು ಆಫ್ರಿಕಾಕ್ಕ ಹೋಗಿ ನೋಡಿ ಬಂದೀರೇನ್ರಿ ಯಪ್ಪಾ?" ಎಂದೆ.

"ಎದುರು ಮಾತಾಡಬ್ಯಾಡ. ಹೇಳಿದಷ್ಟು ಅಳು."

ದಕ್ಷಿಣ ಆಫ್ರಿಕಾದಲ್ಲಿ ಪೊಲೀಸರು ಕರಿಯರ ಮೇಲೆ ಗುಂಡು ಹಾರಿಸಿದ ಸುದ್ದಿ ಧಾರವಾಡದ ಪತ್ರಿಕೆಗಳಿಗೂ ಬಂದಿತ್ತು. ಅದರ ಮರುವರ್ಷದ ಮಾತಿದು. ಆ ಸುದ್ದಿ ಓದಿ ನಿದ್ದೆಗೆಟ್ಟ ವಕೀಲರು ಒಂದು ನಾಟಕವನ್ನೇ ಬರೆದುಬಿಟ್ಟರು. ಬಿಳಿಯರ ಕಾಯದೆ ಮುರಿದು ಜೈಲಿನಲ್ಲಿ ಸತ್ತ ಸ್ಯಾಮ್ಯುಯಲ್ ಎಂಬ ಗಣಿ ಕೂಲಿಯ ಬಾಳಿನ ಕಥೆ. ನಮ್ಮ ಕೇರಿಯ ಬಾಯಲ್ಲಿ ಅವನು ಎರಡೇ ದಿನದಲ್ಲಿ ಸ್ಯಾಮಣ್ಣನಾದ.

ಸ್ಯಾಮಣ್ಣನ ಪಾತ್ರ ವಕೀಲರ ಅಕ್ಕನ ಮಗ ತ್ರ್ಯಂಬಕನದು. ಪಾಪ, ಒಳ್ಳೆಯ ಹುಡುಗ. ಮೈಗೆಲ್ಲ ಮಸಿ ಬಳಿದುಕೊಂಡು, ಬೆವತು, ಮೂಗಿನ ತುದಿಯಲ್ಲಿ ಬೆಳ್ಳಗಾಗಿ ಭಾಷಣ ಹೊಡೆಯುತ್ತಿದ್ದ. ತೊಡಕು ಬಂದದ್ದು ಕೊನೆಯ ದೃಶ್ಯಕ್ಕೆ. ಸ್ಯಾಮಣ್ಣನ ಹೆಣವನ್ನು ಚಟ್ಟದ ಮೇಲೆ ಹೊತ್ತು ಪ್ರೇಕ್ಷಕರ ನಡುವೆ ಹಾಯಬೇಕಿತ್ತು. ತ್ರ್ಯಂಬಕನ ತಾಯಿ ಅಂಬಾಬಾಯಿ ಅಡುಗೆ ಮನೆಯಿಂದ ಸೌಟು ಹಿಡಿದೇ ಹೊರಗೆ ಬಂದರು.

"ನನಗ ಇದ್ದೊಬ್ಬ ಮಗಾ. ಜೀವಂತ ಇದ್ದಾಂವನ್ನ ಚಟ್ಟದ ಮ್ಯಾಲೆ ಮಲಗಸ್ತೀಯೇನೋ ಏಕನಾಥಾ? ಹುಚ್ಚ ಹಿಡದದೇನ ನಿನಗ?"

ವಕೀಲರು ಸುತ್ತ ನೋಡಿದರು. ಅಂಗಳದ ಮೂಲೆಯಲ್ಲಿ ನನ್ನ ಗಂಡ ಉಡಚಪ್ಪ ಸೆಗಣಿ ಬುಟ್ಟಿ ಎತ್ತುತ್ತಿದ್ದ. ಅಲ್ಲಿಗೆ ಇತ್ಯರ್ಥವಾಯಿತು. ಬದುಕಿರುವ ತನಕ ಸ್ಯಾಮಣ್ಣ ಬ್ರಾಹ್ಮಣ, ಸತ್ತ ಮೇಲೆ ಹೊಲೆಯ.

"ನನಗೂ ಇದ್ದೊಬ್ಬ ಗಂಡಾ ರೀ ಅವ್ವಾರ," ಎಂದೆ.

"ನಿಮ್ಮೊಳಗ ಅದೆಲ್ಲಾ ನಡೀತದಲ್ಲ," ಎಂದರು ಅಂಬಾಬಾಯಿ. ಯಾರೋ ಮಸಿ ಡಬ್ಬಿ ತಂದಾಗ, "ಉಡಚ್ಯಾಗ ಮಸಿ ಯಾಕ? ದೇವರ ಹಚ್ಚಿ ಕಳಸ್ಯಾನ!" ಎಂದೂ ಸೇರಿಸಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಉಡಚಪ್ಪನೂ ನಕ್ಕ. ಮನೆಗೆ ಬಂದು ರೊಟ್ಟಿ ಮುಟ್ಟಲಿಲ್ಲ.

ಬ್ರಾಹ್ಮಣ ನಟರು ಆ ಹೆಣಕ್ಕೆ ಹೆಗಲು ಕೊಡುವಂತಿರಲಿಲ್ಲ. ಹಾಗಾಗಿ ಹೊರುವವರೂ ಕೇರಿಯಿಂದಲೇ ಬಂದರು. ನನ್ನ ಮೈದುನ ಅರ್ಜುನಪ್ಪ ಮುಂದಿನ ಬಿದಿರಿಗೆ, ಇನ್ನು ಮೂವರು ಉಳಿದ ತುದಿಗಳಿಗೆ. ಹಲಗೆ ಬಾರಿಸಲು ಒಬ್ಬ. ಅಳಲು ನಾನು.

ಅಳುವುದು ನನಗೆ ಹೊಸದಲ್ಲ. ಕೇರಿಯಲ್ಲಿ ಯಾರು ಸತ್ತರೂ ಮೊದಲು ನನಗೇ ಹೇಳಿ ಕಳಿಸುತ್ತಾರೆ. ಆದರೆ ನಮ್ಮಲ್ಲಿ ಸತ್ತವರ ಬಾಳನ್ನು ಹಾಡಿಕೊಂಡು ಅಳಬೇಕು. ಏನು ಉಂಡ, ಯಾರಿಗೆ ಬೈದ, ಯಾವ ಹೊಲದಲ್ಲಿ ದುಡಿದ, ಎಲ್ಲ ಬರಬೇಕು.

"ಅಂವಾ ಯಾರ ಮಗಾ ರೀ? ಏನ ಉಣ್ತಿದ್ದ? ಹೆಂಡ್ತಿ ಹೆಸರೇನು?" ಎಂದು ಕೇಳಿದೆ.

"ಅದೆಲ್ಲಾ ನಿನಗ್ಯಾಕ? ಅಯ್ಯೋ ಅಯ್ಯೋ ಅನ್ನು, ಸಾಕು."

"ಬರೇ ಅಯ್ಯೋ ಅನ್ನಾಕ ಹಲ್ಲುಬ್ಯಾನಿ ಏನ್ರಿ ಯಪ್ಪಾ? ಗೊತ್ತಿಲ್ಲದಾಂವಗ ನನಗ ಅಳು ಬರಂಗಿಲ್ಲ."

ವಕೀಲರ ನಾಟಕದಲ್ಲಿ ಭಾಷಣಗಳಿದ್ದವು, ಹೆಂಡತಿ ಇರಲಿಲ್ಲ. ಬೇರೆ ದಾರಿಯಿಲ್ಲದೆ ಕಟ್ಟೆಯ ಅಂಚಿನಲ್ಲಿ ಕುಳಿತು ಹೇಳತೊಡಗಿದರು. ಸ್ಯಾಮಣ್ಣನ ತಾಯಿ ಬಿಳಿಯರ ಅರಿವೆ ಒಗೆಯುವವಳು. ಅವನು ಮೆಕ್ಕೆಜೋಳದ ಗಂಜಿ ಉಂಡು ಬೆಳೆದವನು. ಬಿಳಿಯರ ಕೆಲವು ಬೀದಿಗಳಲ್ಲಿ ಕರಿಯರು ಕಾಲಿಡುವಂತಿಲ್ಲ. ಒಂದು ದಿನ ಸ್ಯಾಮಣ್ಣ ನೂರು ಜನರನ್ನು ಕಟ್ಟಿಕೊಂಡು ಅಂಥದೊಂದು ಬೀದಿಯಲ್ಲಿ ಸುಮ್ಮನೆ ನಡೆದ. ಹಿಡಿದು ಒಳಗೆ ಹಾಕಿ ಕೊಂದರು.

"ಮತ್ತ ಹೆಣಾನೂ ಆ ಬೀದಿಯೊಳಗ ಬಿಡಲಿಲ್ಲ," ಎಂದರು ವಕೀಲರು. "ಹಿತ್ತಲ ಹಾದಿಯಿಂದ ಒಯ್ಯಿರಿ ಅಂದ್ರು. ಎಂಥಾ ಕ್ರೂರ ಜನಾ ನೋಡು."

ಅವರ ಕಣ್ಣು ಒದ್ದೆಯಾಗಿತ್ತು. ಚೇಷ್ಟೆಗೆ ಹೇಳುತ್ತಿದ್ದಾರೋ ಎಂದು ಮುಖವನ್ನೇ ನೋಡಿದೆ. ಇಲ್ಲ, ನಿಜವಾಗಿಯೂ ಅಳುತ್ತಿದ್ದರು.

ಹಿಂದಿನ ಶ್ರಾವಣದಲ್ಲಿ ನನ್ನತ್ತೆ ಮುದಕವ್ವ ತೀರಿಕೊಂಡಳು. ನಮ್ಮ ಮಸಣಕ್ಕೆ ನೆಟ್ಟಗಿನ ದಾರಿ ಈ ವಕೀಲರ ಓಣಿಯೇ. ಚಟ್ಟ ಓಣಿಯ ಬಾಯಿಗೆ ಬಂದಾಗ ಹಿರಿಯರು ಅಡ್ಡ ನಿಂತರು. ಅವರೊಳಗೆ ಈ ಏಕನಾಥ ವಕೀಲರೂ ಇದ್ದರು. "ನನ್ನದೇನೂ ಇಲ್ಲಪಾ, ಮನ್ಯಾಗ ಹೆಂಗಸರು ಕೇಳೂದಿಲ್ಲ," ಎಂದಿದ್ದರು. ಜಿಟಿಜಿಟಿ ಮಳೆಯಲ್ಲಿ ಓಣಿಯ ಹಿಂದಿನ ಕೊಳಚೆ ನಾಲೆಯ ದಂಡೆ ಹಿಡಿದು ಹೋದೆವು. ಅರ್ಜುನಪ್ಪನ ಕಾಲು ಜಾರಿತು. ಅತ್ತೆ ನಾಲೆಯ ಕೆಸರಿನಲ್ಲಿ ಬಿದ್ದಳು. ಬಾಯಿತುಂಬ ಕೆಸರು. ಬೆರಳು ಹಾಕಿ ತೆಗೆದವಳು ನಾನು. ಬದುಕಿದ್ದಾಗ ಆ ಮುದುಕಿಯೊಂದಿಗೆ ದಿನ ಬೆಳಗಾದರೆ ನನ್ನದು ಜಗಳ. ಆದರೂ ಆ ಕೆಸರನ್ನು ನನ್ನಿಂದ ಮರೆಯಲಾಗಿಲ್ಲ.

"ಆತಿ ಬಿಡ್ರಿ, ಈಗ ಅಳ್ತೇನಿ," ಎಂದೆ. ಮನಸಾರೆ ಅತ್ತುಬಿಟ್ಟೆ. ವಕೀಲರು ತಲೆದೂಗಿದರು. ಎಮ್ಮೆ ಮೇವು ಬಿಟ್ಟಿತು.

ನಾಟಕ ಭಾನುವಾರ, ಓಣಿಯ ತುದಿಯ ಸಭಾಗೃಹದಲ್ಲಿ. ಮಾಳಮಡ್ಡಿಯ ಕಡೆಯಿಂದಲೂ ಜನ ಬಂದಿದ್ದರು. ಮುಂದಿನ ಸಾಲಿನಲ್ಲಿ ಬೆಳಗಾವಿಯಿಂದ ಬಂದ ದೊಡ್ಡ ಸಾಹಿತಿಗಳು. ಅವರಿಗಾಗಿ ಅಂಬಾಬಾಯಿ ಮನೆಯಲ್ಲಿ ಹೋಳಿಗೆ ಮಾಡುತ್ತಿದ್ದರು. ವಕೀಲರು ನಮಗೆ ಮತ್ತೆ ಮತ್ತೆ ಹೇಳಿದರು: "ಮಂದಿ ನಡಕ ಹಾಯ್ದು, ಹಿಂದಿನ ಬಾಗಿಲದಿಂದ ಹೊರಗ ಹೋಗಿಬಿಡ್ರಿ. ಅಲ್ಲಿಗೆ ನಾಟಕ ಮುಗೀತು."

ತ್ರ್ಯಂಬಕ ಚೆನ್ನಾಗಿಯೇ ಸತ್ತ. ಪರದೆ ಬಿದ್ದು ಏಳುವುದರೊಳಗೆ ಚಟ್ಟದ ಮೇಲೆ ನನ್ನ ಗಂಡನಿದ್ದ. ಹಲಗೆಗೆ ಪೆಟ್ಟು ಬಿತ್ತು. ನಾನು ಎದೆ ಬಡಿದುಕೊಂಡು ಸ್ಯಾಮಣ್ಣನ ಬಾಳನ್ನು ಹಾಡತೊಡಗಿದೆ. ತಾಯಿ ಒಗೆದ ಅರಿವೆ, ಗಂಜಿ, ಗಣಿಯ ಕತ್ತಲೆ, ನಡೆದ ಬೀದಿ. ಹೆಂಡತಿಯೊಬ್ಬಳನ್ನು ನಾನೇ ಕಟ್ಟಿಕೊಟ್ಟೆ. ಸಾಹಿತಿಗಳು ಕರವಸ್ತ್ರ ತೆಗೆದರು.

ಹಿಂದಿನ ಬಾಗಿಲು ತೆರೆದೇ ಇತ್ತು. ಅದರಾಚೆ ಅದೇ ನಾಲೆ. ವಾಸನೆ ಮೂಗಿಗೆ ಹೊಡೆಯಿತು. ನನ್ನ ಕಾಲು ತಾನಾಗಿ ಮುಂದಿನ ಬಾಗಿಲ ಕಡೆ ತಿರುಗಿತು.

"ವೈನಿ, ಆ ಕಡೆ ಅಲ್ಲ," ಎಂದು ಅರ್ಜುನಪ್ಪ ಪಿಸುಗುಟ್ಟಿದ.

"ಗೊತ್ತೈತಿ. ಸುಮ್ಮ ನಡಿಯೋ ಹಾಟ್ಯಾ."

ವಕೀಲರ ಓಣಿಯಲ್ಲಿ ಆಗಷ್ಟೇ ದೀಪ ಹಚ್ಚುತ್ತಿದ್ದರು. ಹಲಗೆಯ ಸದ್ದಿಗೆ ಕಿಟಕಿಗಳು ತೆರೆದವು, ಹಾಗೆಯೇ ಪಟಪಟ ಮುಚ್ಚಿದವು. ಹಿಂದೆ ನೋಡಿದರೆ ಇಡೀ ಸಭಾಗೃಹವೇ ನಮ್ಮ ಬೆನ್ನ ಹಿಂದೆ ಸಾಲಾಗಿ ಬರುತ್ತಿದೆ! "ಏನ್ ಪ್ರಯೋಗ ಮಾಡ್ಯಾರ್ರಿ! ಪ್ರೇಕ್ಷಕರನ್ನೂ ನಾಟಕದೊಳಗ ತೊಗೊಂಡ್ರು!" ಎನ್ನುತ್ತ ಸಾಹಿತಿಗಳು ಎಲ್ಲರಿಗಿಂತ ಮುಂದಿದ್ದರು. ವಕೀಲರು ಧೋತರ ಹಿಡಿದುಕೊಂಡು ಓಡಿ ಬಂದರು.

"ಲೇ, ಹಿಂದ ತಿರುಗ್ರಿ! ಹಿಂದ ತಿರುಗ್ರಲೇ!"

ಮಸಣದ ಅರ್ಧ ದಾರಿಯಲ್ಲಿ ಒಮ್ಮೆ ಚಟ್ಟ ಇಳಿಸಿ ಹೆಗಲು ಬದಲಿಸುವುದು ನಮ್ಮ ರೂಢಿ. ಅರ್ಧ ದಾರಿಗೆ ಸರಿಯಾಗಿ ವಕೀಲರ ಮನೆ ಬಂತು. ರಂಗೋಲಿಯ ಮೇಲೆಯೇ ಚಟ್ಟ ಇಳಿಯಿತು. ಹೊತ್ತವರು ಹೆಗಲು ತಿಕ್ಕುತ್ತ ಕುಳಿತರು.

ಬಾಗಿಲ ಸಂದಿಯಿಂದ ಅಂಬಾಬಾಯಿಯ ದನಿ ಬಂತು. "ಏಕನಾಥಾ, ಇದು ಖರೇ ಹೆಣೋ, ಆಟದ್ದೋ? ಓಣ್ಯಾಗ ಹೆಣಾ ಇದ್ರ ಯಾರೂ ಉಣ್ಣೂಹಂಗಿಲ್ಲೋ. ಹೋಳಿಗಿ ಎಲ್ಲಾ ಆಗ್ಯಾವ!"

ವಕೀಲರು ನನ್ನ ಗಂಡನ ಕಿವಿಯ ಬಳಿ, ಆದರೆ ಮಾರು ದೂರದಿಂದ ಬಗ್ಗಿದರು. "ಏಳೋ ಉಡಚಪ್ಪಾ, ನಾಟಕ ಮುಗೀತೋ."

ಉಡಚಪ್ಪ ಕಣ್ಣು ತೆರೆಯಲಿಲ್ಲ.

"ಲೇ ಶೇವಂತಿ, ಎಬ್ಬಸ ಇಂವನ್ನ!"

"ಚಟ್ಟದ ಮ್ಯಾಲೆ ಮಲಗಿದಾಂವ ಹಾದ್ಯಾಗ ಏಳಬಾರದ್ರಿ. ಮಸಣ ಮುಟ್ಟಬೇಕು. ನಮ್ಮ ಹುಡುಗರ ಹೆಗಲು ಸೋತಾವು. ನೀವೂ ಒಂದು ಹೆಗಲು ಕೊಡ್ರಿ," ಎಂದೆ.

ಸಾಹಿತಿಗಳು ಚಪ್ಪಾಳೆ ತಟ್ಟಿದರು. "ಭೇಷ್! ಕೊಡ್ರಿ ವಕೀಲ್ರ, ಹೆಗಲ ಕೊಡ್ರಿ!" ಕಾಲೇಜು ಹುಡುಗರೂ ಕೂಗಿದರು. ಮಸಿ ಮೋರೆಯ ತ್ರ್ಯಂಬಕ ಗುಂಪಿನಿಂದ ಹೊರಬಂದ. ಒಳಗಿನಿಂದ ಅವನ ತಾಯಿ ಚೀರಿದರು. ಅವನು ಒಮ್ಮೆ ಬಾಗಿಲ ಕಡೆ ನೋಡಿ, ಬಗ್ಗಿ ಹಿಂದಿನ ಬಿದಿರು ಹಿಡಿದ. ಅರ್ಜುನಪ್ಪ ಮತ್ತು ಇನ್ನೊಬ್ಬ ಎದ್ದು ತಮ್ಮ ತಮ್ಮ ತುದಿ ಹಿಡಿದರು. ನಾಲ್ಕನೆಯ ತುದಿ ಹಾಗೆಯೇ ನೆಲದ ಮೇಲಿತ್ತು. ಓಣಿಗೆ ಓಣಿಯೇ ವಕೀಲರನ್ನು ನೋಡುತ್ತ ನಿಂತಿತು.

"ಲಗೂ ಹಿಡೀರಿ ವಕೀಲ್ರ," ಎಂದ ನನ್ನ ಗಂಡ, ಕಣ್ಣು ಮುಚ್ಚಿಕೊಂಡೇ. "ಹೆಣಾ ಕೆಡತೈತಿ."

ವಕೀಲರು ಧೋತರ ಎತ್ತಿ ಕಟ್ಟಿದರು. ಹೆಗಲು ಕೊಡಲಿಕ್ಕೋ ಓಡಲಿಕ್ಕೋ ಗೊತ್ತಾಗಲಿಲ್ಲ. ನಾನು ಕಾಯಲಿಲ್ಲ. ಎರಡೂ ಕೈಯಿಂದ ಎದೆ ಬಡಿದುಕೊಂಡು, ಈ ಸಲ ನನ್ನತ್ತೆಯ ಹೆಸರು ಹಿಡಿದು ಅಳತೊಡಗಿದೆ.