ಎದುರಿಗೆ ನಿಂತವಳು

ಗಂಗುಲಮ್ಮ ಫ್ಲೆಕ್ಸಿನ ಹಗ್ಗ ಹಿಡಿದು ಜಗ್ಗಿದ ರಭಸಕ್ಕೆ ಶಾಮಿಯಾನದ ಕಂಬವೇ ಅಲ್ಲಾಡಿತು.

"ಯಾರನ್ನ ಕೇಳಿ ಕಟ್ಟಿಸ್ತಿದ್ದೀಯಪ್ಪ ಇದನ್ನ?"

"ಕೇಳೋದೇನಮ್ಮ, ಅಮೃತ ನಮ್ಮ ಹುಡುಗಿ ಅಲ್ವಾ?" ಎಂದ ಜಿಮ್ಮಿನ ಮಾಲೀಕ ಚಲಪತಿ.

ಫ್ಲೆಕ್ಸಿನ ತುಂಬ ಜಿಮ್ಮಿನ ಹೆಸರು, ಕೈಮುಗಿದು ನಿಂತ ಚಲಪತಿಯ ಆಳೆತ್ತರದ ಚಿತ್ರ. ಸತ್ತವಳ ಮುಖ ಮೂಲೆಯಲ್ಲಿ, ಅಂಚೆಚೀಟಿಯಷ್ಟು. ಕೆಳಗೆ 'ನಮ್ಮ ಹೆಮ್ಮೆಯ ಟ್ರೈನರ್‌ಗೆ ಭಾವಪೂರ್ಣ ಶ್ರದ್ಧಾಂಜಲಿ'. ಹೆಮ್ಮೆಯಂತೆ! ಹೋದ ವರ್ಷ ಇದೇ ಮಹಾನುಭಾವ ಅವಳನ್ನು ಕೆಲಸದಿಂದ ಓಡಿಸಿದ್ದ.

"ಆಚೆಗೆ ಹಾಕ್ದಾಗ ಯಾರ ಹುಡುಗಿ ಆಗಿದ್ಲು?"

ಅಮೃತಳ ಅಕ್ಕ ಸಂಘಮಿತ್ರ ಬಂದು ಗಂಗುಲಮ್ಮನ ತೋಳು ಹಿಡಿದಳು. ಡೆಂಗಿ ಜ್ವರ ತಂಗಿಯನ್ನು ವಾರದೊಳಗೆ ನುಂಗಿತ್ತು. ಜಗಳವಾಡುವ ತ್ರಾಣ ಅವಳಲ್ಲಿರಲಿಲ್ಲ. "ಬಿಡಮ್ಮ, ಭಂತೇಜಿ ಬರೋ ಹೊತ್ತಾಯ್ತು," ಎಂದಳು. ಶಾಮಿಯಾನದ ಒಳಗೆ, ಬುದ್ಧನ ಚಿತ್ರದ ಮುಂದೆ, ಅಮೃತ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು.

ಪಕ್ಕದ ಮನೆಯ ಓಬಳಮ್ಮ ಯಾರಿಗೋ ಪಿಸುಗುಟ್ಟಿದಳು: "ಅಷ್ಟೊಂದು ಕುಣಿದ್ರೂ ಏನು ಬಂತು? ನಲವತ್ತೂ ತುಂಬ್ಲಿಲ್ಲ."

ಗಂಗುಲಮ್ಮನ ಮೈ ಉರಿದುಹೋಯಿತು. "ಸೊಳ್ಳೆ ಕಚ್ಚಿ ಸತ್ತವಳಿಗೆ ವ್ಯಾಯಾಮ ಏನೇ ಮಾಡ್ತದೆ? ಮೋರಿ ಕ್ಲೀನ್ ಮಾಡ್ಸಿ ಅಂತ ಕೇಳೋಕೆ ನಿಂಗೆ ಬಾಯಿಲ್ಲ, ಹೆಣದ ಮುಂದೆ ಬಾಯಿ ಬಂತಾ?"

"ಊರ್ಕೋ ತಲ್ಲಿ, ಸುಮ್ನಿರು, ಏನೋ ಬಾಯಿಗೆ ಬಂದಿದ್ದು ಅಂದೆ," ಎಂದು ಓಬಳಮ್ಮ ಸೆರಗು ಹೊದ್ದಳು.

* * *

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಗಂಗುಲಮ್ಮನದು. ಬಿಸಿನೀರಿನ ಮುಂದೆ ನಿಂತು ನಿಂತು ಸೊಂಟ ಹಿಡಿದುಹೋಗಿತ್ತು. ಹಿಂದೊಮ್ಮೆ ಡಾಕ್ಟರು ಹೇಳಿದ್ದಕ್ಕೆ ಜಿಮ್ಮಿನಲ್ಲಿ ಅಮೃತ ನಡೆಸುತ್ತಿದ್ದ ಹಾಡು-ಕುಣಿತದ ವ್ಯಾಯಾಮದ ಕ್ಲಾಸಿಗೆ ಹೋಗಿ, ನಾಚಿಕೊಂಡು, ಕೊನೆಯ ಸಾಲಿನಲ್ಲಿ ಗೋಡೆಗಂಟಿ ನಿಂತಿದ್ದಳು.

ಅಮೃತ ಯಾವಾಗಲೂ ಕ್ಲಾಸಿಗೆ ಮುಖ ಮಾಡಿಯೇ ನಿಲ್ಲುತ್ತಿದ್ದಳು. ತಾನು ಎಡಗೈ ಎತ್ತಿ "ಬಲಗೈ" ಎನ್ನುತ್ತಿದ್ದಳು. ಎದುರಿನವರಿಗೆ ಕನ್ನಡಿ ನೋಡಿಕೊಂಡಷ್ಟು ಸಲೀಸು. ಅವಳ ಕಣ್ಣು ಮಾತ್ರ ಸದಾ ಕೊನೆಯ ಸಾಲಿನ ಮೇಲೆ.

"ಗಂಗುಲಮ್ಮ, ಉಸಿರು ಬಿಗಿ ಹಿಡೀಬೇಡಿ. ಬಗ್ಗೋಕಾಗಲ್ವಾ? ಕುರ್ಚಿ ಹಿಡ್ಕೊಂಡು ಮಾಡಣ. ಎಲ್ಲಾರೂ ಕುರ್ಚಿ ತಗೊಳ್ಳಿ!"

ಒಬ್ಬಳಿಗೇ ಕೊಟ್ಟರೆ ಅವಮಾನವೆಂದು ಎಲ್ಲರಿಗೂ ಕುರ್ಚಿ. ಚಲಪತಿಗೆ ಸಿಟ್ಟು ಬಂದದ್ದು ಅದಕ್ಕೇ. "ಮುದುಕೀರಿಗೋಸ್ಕರ ಸ್ಪೀಡ್ ಇಳಿಸ್ತೀಯ. ನಮ್ಮ ವಿಡಿಯೊ ಯಾರು ನೋಡ್ತಾರೆ?" ಎಂದು ಎಲ್ಲರೆದುರೇ ಆಚೆ ಕಳಿಸಿದ. ಮಾರನೆಯ ಬೆಳಗ್ಗೆ ಅಮೃತ ಶಾಲೆಯ ಬಯಲಿನಲ್ಲಿ ಕ್ಲಾಸು ಶುರು ಮಾಡಿದಳು. ಹಿಂದಿನ ಸಾಲು ಇಡಿಯಾಗಿ ಅಲ್ಲಿಗೆ ಹೋಯಿತು. ಮುಂದಿನವರೂ ಬರಲು ಬಹಳ ದಿನ ಹಿಡಿಯಲಿಲ್ಲ.

* * *

ಬೌದ್ಧ ಭಿಕ್ಷು ಭಂತೇಜಿಯವರ ಪಠಣ ಮುಗಿಯಿತು. ಫ್ಲೆಕ್ಸ್ ಕೊನೆಗೂ ಮೇಲೇರಿತ್ತು. ಚಲಪತಿ ಬೀದಿಯಲ್ಲಿ ಸ್ಟ್ಯಾಂಡ್ ನಿಲ್ಲಿಸಿ, ಹಿಂಬದಿಯ ಕ್ಯಾಮೆರಾ ತನ್ನತ್ತ, ಸ್ಕ್ರೀನು ಆಚೆಗೆ ಬರುವಂತೆ ಮೊಬೈಲು ಸಿಕ್ಕಿಸಿದ.

"ಕ್ಲಾಸಿನೋರೆಲ್ಲ ಸಾಲಾಗಿ ಬನ್ನಿ. ಮೇಡಂಗೆ ಅವರದೇ ಸ್ಟೆಪ್ಪಲ್ಲಿ ಒಂದು ಟ್ರಿಬ್ಯೂಟ್. ಈ ಕಡೆ ತಿರುಗಿ, ಹಿಂದೆ ಬಾಡಿ, ಫ್ಲೆಕ್ಸು ಎರಡೂ ಕಾಣ್ಬೇಕು."

ಹೆಂಗಸರು ಮುಖ ಮುಖ ನೋಡಿಕೊಂಡರು. ಸಾವಿನ ಮನೆಯಲ್ಲಿ ರಂಪ ಬೇಡವೆಂದು ಬಂದು ನಿಂತರು. ಗಂಗುಲಮ್ಮ ಹಲ್ಲು ಕಚ್ಚಿಕೊಂಡು ಕೊನೆಯ ಸಾಲಿಗೆ ಸೇರಿದಳು. ಅಂಥ ಹುಡುಗಿಯನ್ನು ಇವನ ಜಾಹೀರಾತು ಮಾಡಿ ಮಣ್ಣಿಗೆ ಕಳಿಸಬೇಕೇ?

ಹಾಡು ಕಿವಿಗಪ್ಪಳಿಸಿತು. "ರೈಟ್! ಲೆಫ್ಟ್!" ಎನ್ನುತ್ತಾ ಚಲಪತಿ ಎಲ್ಲರಿಗಿಂತ ಮುಂದೆ ನಿಂತು, ಮೊಬೈಲಿಗೆ ಮುಖ ಮಾಡಿ ಕೈ ಎತ್ತಿದ. ಹಿಂದೆ ಯಾರು ಅಳುತ್ತಿದ್ದಾರೆ, ಯಾರು ಮುಗ್ಗರಿಸುತ್ತಿದ್ದಾರೆ, ಅವನಿಗೆ ಬೇಕಿರಲಿಲ್ಲ.

"ಅವಳಿಗೆ ಬೆನ್ನು ಹಾಕಿ ಏನ್ರೇ ಕುಣಿಯೋದು? ತಿರುಗ್ರೇ!"

ಗಂಗುಲಮ್ಮ ಗದರಿ, ಅಮೃತಳ ಕಡೆ ತಿರುಗಿ ನಿಂತಳು. ಪಕ್ಕದವಳು ತಿರುಗಿದಳು. ಮುಂದಿನ ಸಾಲು ತಿರುಗಿತು, ಅದರ ಮುಂದಿನದೂ. ಈಗ ಕೊನೆಯ ಸಾಲೇ ಅಮೃತಳ ಎದುರಿಗೆ ಮೊದಲ ಸಾಲಾಗಿತ್ತು. ಸಂಘಮಿತ್ರ ತಂಗಿಯ ತಲೆಯ ಬಳಿಯಿಂದ ಮೆಲ್ಲನೆ ಎದ್ದು ನಿಂತಳು. ಯಾರೂ ಕೈಕಾಲು ಆಡಿಸಲಿಲ್ಲ.

ಆಚೆ ತುದಿಯಲ್ಲಿ ಚಲಪತಿ, "ಸೂಪರ್! ಎಲ್ಲಾ ಒಟ್ಟಿಗೆ!" ಎಂದು ಕೂಗುತ್ತಾ, ಖಾಲಿ ಬೀದಿಯ ಕಡೆ ನಗುತ್ತಾ, ಒಬ್ಬನೇ ಜಿಗಿಯುತ್ತಿದ್ದ.