ಕಾಲರ್ ಅಕ್ಕನ ಕೈ

"ಎಡಕ್ಕೆ, ಎಡಕ್ಕೆ! ಸ್ವಲ್ಪ ಮೇಲೆತ್ತಿ!"

ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಹಾಕಿಕೊಂಡಿತು. ಸೈಕಲ್ ರಿಪೇರಿಯವನು ತೀರಿಕೊಂಡ ತನ್ನ ಹೆಂಡತಿಯ ತಲೆಯ ಕಡೆ ಹಿಡಿದಿದ್ದ. ಕಾಲಿನ ಕಡೆ, ಅವಳ ಜೊತೆ ಬಟ್ಟೆ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುತ್ತಿದ್ದ ನಾಲ್ವರು ಹೆಂಗಸರು. ಫ್ಯಾಕ್ಟರಿ ಅವರಿಗೆ ಕೊಟ್ಟದ್ದು ಒಂದೂವರೆ ಗಂಟೆಯ ಬಿಡುವು. ಕರೆತಂದಿದ್ದ ಸೂಪರ್‌ವೈಸರಮ್ಮ ಕೆಳಗೆ ಗೇಟಿನ ಬಳಿ ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದಳು. ಕೆಟ್ಟವಳೇನಲ್ಲ, ಅವಳ ತಲೆಯ ಮೇಲೂ ಒಬ್ಬ ಮ್ಯಾನೇಜರ್ ಕೂತಿದ್ದ.

ಅಂತೂ ಇಂತೂ ವ್ಯಾನಿಗೆ ಏರಿಸಿದ್ದಾಯಿತು. ಸೂಪರ್‌ವೈಸರಮ್ಮ ಹತ್ತಿರ ಬಂದು ಕೈಮುಗಿದಳು.

"ತುಂಬಾ ಒಳ್ಳೆಯವ್ರು ಅಣ್ಣ. ಒಂದು ದಿನ ಯಾರ ಜೊತೇನೂ ಜಗಳ ಇಲ್ಲ. ಪಾಪ, ಕೈ ಮಾತ್ರ ಸ್ವಲ್ಪ ನಿಧಾನ. ಇಲ್ದಿದ್ರೆ ಯಾವತ್ತೋ ಪ್ರಮೋಷನ್ ಕೊಡಿಸ್ತಿದ್ದೆ."

ಅಷ್ಟರಲ್ಲಿ ಫೋನ್ ಬಂತು, ಆಚೆ ಹೋದಳು. ಅವನಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ವರ್ಷ ದುಡಿದವಳನ್ನು ಸತ್ತ ಮೇಲೂ ಬಿಡಲಿಲ್ಲವಲ್ಲ!

*

ಅವಳು ಬದುಕಿದ್ದಾಗೊಮ್ಮೆ ಪಕ್ಕದ ಮನೆಯ ಮಕ್ಕಳ ಶಾಲಾ ನಾಟಕಕ್ಕೆ ಎಂಟು ಅಂಗಿ ಬೇಕಾಗಿತ್ತು. ಭಾನುವಾರ ಊಟದ ಪಾತ್ರೆ ತೊಳೆದಿಟ್ಟು ಮಷಿನ್ ಮುಂದೆ ಕೂತವಳು ಸಂಜೆ ಚಹಾದ ಹೊತ್ತಿಗೆ ಎಂಟನ್ನೂ ಮಡಚಿ ಇಟ್ಟಿದ್ದಳು. ಅವನು ಕಣ್ಣು ಕಣ್ಣು ಬಿಟ್ಟ.

"ಈ ಕೈನ ಫ್ಯಾಕ್ಟರೀಲೂ ಓಡಿಸಬಾರ್ದೇನೆ? ಪ್ರತಿ ವರ್ಷ ಬಹುಮಾನ ಬೇರೆಯವ್ರ ಪಾಲು."

"ಅಲ್ಲಿ ನಾನು ಓಡಿದ್ರೆ ಎಲ್ರೂ ಓಡಬೇಕಾಗತ್ತೆ ಕಣ್ರೀ," ಎಂದು ನಕ್ಕಳು.

ಸೋಮಾರಿತನಕ್ಕೊಂದು ನೆಪ ಎಂದುಕೊಂಡು ಅವನೂ ನಕ್ಕಿದ್ದ.

*

"ಭಾವ," ಫ್ಯಾಕ್ಟರಿಯಲ್ಲಿ ಹೆಂಡತಿಯ ಪಕ್ಕದ ಮಷಿನ್ನಿನವಳು ವ್ಯಾನಿನ ಬಳಿ ಮೆಲ್ಲಗೆ ಕರೆದಳು. "ಮೇಡಂ ಮಾತಿಗೆ ಬೇಜಾರ್ ಮಾಡ್ಕೋಬೇಡಿ. ಅಕ್ಕನಷ್ಟು ಜೋರು ಕೈ ಇಡೀ ಫ್ಯಾಕ್ಟರೀಲೇ ಇರ್ಲಿಲ್ಲ."

"ಏನಮ್ಮ ಹಾಗಂದ್ರೆ?"

"ಗಂಟೆಗೆ ನಲವತ್ತು ಕಾಲರ್ ಹೊಲೀಬೇಕು ನಾವು. ಅಕ್ಕ ಅರವತ್ತು ಹೊಲೀತಿದ್ರು. ಮೂವತ್ತೆಂಟು ತಮ್ಮ ಹೆಸರಿಗೆ ಇಟ್ಕೊಂಡು, ಮಿಕ್ಕಿದ್ದು ಯಾರ ಕೈ ಸೋತಿದ್ಯೋ ಅವ್ರ ಬುಟ್ಟಿಗೆ. ನಾನು ಬಸುರಿ ಇದ್ದಾಗ ಐದು ತಿಂಗಳು ನನ್ನ ಬುಟ್ಟಿಗೆ."

"ಬಾಯಿಬಿಟ್ಟು ಹೇಳಬಾರ್ದಿತ್ತಾ?"

"ಹೇಳಿದ್ರೆ ಮಾರನೇ ದಿನವೇ ಎಲ್ರಿಗೂ ಅರವತ್ತು ಅಂತ ಬೋರ್ಡಿಗೆ ಬರೀತಿದ್ರು ಭಾವ. ಕೈಲಾಗದವ್ರು ಮನೆಗೆ. ಈಗ ಗೊತ್ತಾದ್ರೂ ಅಷ್ಟೇ." ಮೇಡಂ ಕಡೆ ಒಮ್ಮೆ ನೋಡಿ ಹೇಳಿದಳು: "ನಿಮಗೆ ಹೇಳೋಕೂ ಅಕ್ಕಂಗೆ ಭಯ. ನಿಮ್ಮ ಬಾಯಲ್ಲಿ ಮಾತು ನಿಲ್ಲಲ್ಲ ಅಂತಿದ್ರು."

ಅದು ಸುಳ್ಳಲ್ಲ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಅವನಿಗೆ ಅಳುವಿನ ನಡುವೆಯೇ ನಗು ಬಂತು.

ಸೂಪರ್‌ವೈಸರಮ್ಮ ಫೋನ್ ಇಟ್ಟು ಬಂದಳು. "ನಾವಿನ್ನು ಹೊರಡ್ತೀವಿ ಅಣ್ಣ. ನಾನು ಆಗ ಅಂದಿದ್ದಕ್ಕೆ ಬೇಜಾರಾಯ್ತೇನೋ..."

ಹೆಮ್ಮೆಯಿಂದ ಅವನ ಎದೆ ಬಿರಿಯುವಂತಾಗಿತ್ತು. ಅಂಥ ಕೈ ನಿಮ್ಮ ಫ್ಯಾಕ್ಟರಿ ಕಂಡೇ ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ನಾಲ್ವರು ಹೆಂಗಸರೂ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಆ ಮಾತನ್ನು ನುಂಗಿಕೊಂಡ. ನುಂಗುವುದು ಇಷ್ಟು ಕಷ್ಟ ಎಂದು ಅವನಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

"ಬೇಜಾರ್ಯಾಕೆ ಮೇಡಂ? ನೀವು ಹೇಳಿದ್ದೇ ಸರಿ," ಎಂದ, ಬೀದಿಗೆಲ್ಲ ಕೇಳುವಂತೆ. "ನನ್ನ ಹೆಂಡ್ತಿ ಕೈ ತುಂಬಾ ನಿಧಾನ."

ಪಕ್ಕದ ಮಷಿನ್ನಿನವಳು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಅವನು ಅಂಗಿ ಸರಿಮಾಡಿಕೊಂಡು, ಮದುವೆಯ ದಿನ ನಡೆದಂತೆ ತಲೆಯೆತ್ತಿ ನಡೆದುಹೋಗಿ, ವ್ಯಾನಿನಲ್ಲಿ ಅವಳ ಪಕ್ಕ ಕೂತ.